ಎತ್ತಿ ನೋಡಿ, ಕೇಳಿ, ಆಮೇಲೆ ತಗೊಳ್ಳಿ: ಕುಂಬಾರರ ಪ್ರದರ್ಶನದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಸ್ಥಳೀಯ ಕುಂಬಾರರೊಬ್ಬರ ಪ್ರದರ್ಶನದ ಬಗ್ಗೆ ಬರೆದಿದ್ವಿ. ಗೋಡೆಗೆ ತೂಗುಹಾಕೋದು, ಗಾಜಿನ ಪೆಟ್ಟಿಗೆಯೊಳಗೆ ಇಡೋದು ಯಾವುದೂ ಅಲ್ಲಿರಲಿಲ್ಲ, ಬರೀ ಕಪ್, ತಟ್ಟೆ, ಬಟ್ಟಲು, ಟೀಪಾಟ್, ಮುಚ್ಚಳದ ಜಾಡಿ, ನೀರಿನ ಹೂಜಿ, ಎಲ್ಲಾ ದಿನಾ ಬಳಸೋವೇ, ಪಕ್ಕದಲ್ಲಿ "ದಯವಿಟ್ಟು ಎತ್ತಿ ನೋಡಿ" ಅಂತ ಒಂದು ಚೀಟಿ. ಅದನ್ನ ಓದಿ ಬಂದ ಪತ್ರ, ಮೆಸೇಜ್ ಎಲ್ಲಾ ನೋಡಿ ನನಗೆ ನಿಜವಾಗ್ಲೂ ಖುಷಿ ಆಯ್ತು, ಯಾಕಂದ್ರೆ ಹೆಚ್ಚಿನವರು ಕೇಳಿರೋದು ಅಂದಚಂದದ ಬಗ್ಗೆ ಅಲ್ಲ, ಬಳಕೆ ಬಗ್ಗೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಬರೆದಿದ್ದೀನಿ.

ಪ್ರಶ್ನೆ: ನಾನು ಇಂಥ ಪ್ರದರ್ಶನಕ್ಕೆ ಹೋದ್ರೆ ಕೈಕಟ್ಟಿಕೊಂಡು ನೋಡಿ ಬಂದುಬಿಡ್ತೀನಿ, ಒಡೆದುಹೋದ್ರೆ ಏನ್ ಗತಿ ಅಂತ ಭಯ. ಮುಟ್ಟಿ ನೋಡೋದ್ರಿಂದ ಗೊತ್ತಾಗೋದಾದ್ರೂ ಏನು? ಒಳ್ಳೆ ಕಪ್ ಅಂತ ಹೇಗೆ ಕಂಡುಹಿಡಿಯೋದು?

ಉತ್ತರ: ಮುಟ್ಟದೇ ಬಂದ್ರೆ ಅರ್ಧ ಪ್ರದರ್ಶನ ನೋಡಿದ್ರಿ ಅಷ್ಟೇ. ಬಳಸೋ ಪಾತ್ರೆಯ ಗುಣ ಕಣ್ಣಿಗಿಂತ ಕೈಗೆ ಜಾಸ್ತಿ ಗೊತ್ತಾಗತ್ತೆ. ಮುಚ್ಚಳ ಇದ್ರೆ ಮೊದಲು ಅದನ್ನ ತೆಗೆದು ಪಕ್ಕಕ್ಕಿಡಿ, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲ್ಗಡೆಯೇ ಎತ್ತಿ, ಉಂಗುರ ತಗಲದ ಹಾಗೆ ನೋಡ್ಕೊಳ್ಳಿ, ಇಷ್ಟಾದ್ರೆ ಭಯ ಬೇಡ.

ಮೊದಲು ತೂಕ. ಪಾತ್ರೆ ನೋಡಿದಾಗ ಇಷ್ಟು ತೂಕ ಇರಬಹುದು ಅಂತ ನಮ್ಮ ಕೈ ತಾನಾಗೇ ಒಂದು ಅಂದಾಜು ಮಾಡ್ಕೊಂಡಿರತ್ತೆ, ಎತ್ತಿದಾಗ ಆ ಅಂದಾಜು ತೀರಾ ತಪ್ಪಿ ಭಾರ ಅನ್ನಿಸಿದ್ರೆ ಬುಡದಲ್ಲಿ ಬೇಡದ ಮಣ್ಣು ಉಳಿದಿದೆ ಅಂತ ಅರ್ಥ. ಹಾಗಂತ ಹಗುರ ಇದ್ದಿದ್ದೆಲ್ಲಾ ಒಳ್ಳೇದು ಅಂತಲೂ ಅಲ್ಲ, ತೆಳು ಗೋಡೆಯ ಕಪ್ ಬೇಗ ಕೈ ಸುಡತ್ತೆ, ಬೇಗ ಆರತ್ತೆ. ಆಮೇಲೆ ಅಂಚಿನ ಮೇಲೆ ಬೆರಳು ಆಡಿಸಿ, ತುಟಿಗೆ ತಗಲೋದು ಅದೇ. ದಪ್ಪ ಅಂಚಲ್ಲಿ ಕುಡಿದ್ರೆ ತುಟಿ ಪಕ್ಕದಲ್ಲಿ ಸೋರತ್ತೆ, ಚೂಪಾಗಿದ್ರೆ ಬೇಗ ಚಕ್ಕೆ ಏಳತ್ತೆ, ತೆಳುವಾಗಿದ್ದೂ ದುಂಡಗಿರೋದು ಸರಿಯಾದ ಅಂಚು. ಹಿಡಿಯೊಳಗೆ ಬೆರಳು ತೂರಿಸಿ ನೋಡಿ, ಬೆರಳಿನ ಗೆಣ್ಣು ಕಪ್ಪಿನ ಗೋಡೆಗೆ ತಾಗ್ತಿದ್ರೆ ಬಿಸಿ ಹಾಕಿದ ದಿನ ಗೊತ್ತಾಗತ್ತೆ ಕಷ್ಟ. ಖಾಲಿ ಕಪ್ ಎತ್ತೋದು ಸುಲಭ, ತುಂಬಿದಾಗ ಮಣಿಕಟ್ಟು ತಿರುಗತ್ತಾ ಅಂತ ಯೋಚನೆ ಮಾಡಿ. ಒಳಗಡೆ ಬುಡ ಮತ್ತು ಗೋಡೆ ಸೇರೋ ಮೂಲೆ ಬಾಗಿ ಬಂದಿದ್ರೆ ಚಮಚ ಓಡಾಡತ್ತೆ, ತೊಳೆಯೋಕೂ ಸಲೀಸು. ಕೊನೆಗೆ ಬೋರಲು ಮಾಡಿ ಬುಡ ನೋಡಿ, ಯಾರೂ ನೋಡಲ್ಲ ಅಂತ ಗೊತ್ತಿದ್ದೂ ಬುಡವನ್ನ ನೀಟಾಗಿ ಕೆತ್ತಿರೋ ಕುಂಬಾರರು ಉಳಿದ ಕಡೆ ಮೋಸ ಮಾಡಿರಲ್ಲ ಅನ್ನೋದು ನನ್ನ ನಂಬಿಕೆ.

ಇನ್ನೊಂದು, ಅಂಗೈ ಮೇಲೆ ಬಟ್ಟಲು ಇಟ್ಕೊಂಡು ಗೆಣ್ಣಿಂದ ಮೆಲ್ಲಗೆ ತಟ್ಟಿ. ಚೆನ್ನಾಗಿ ಬೆಂದ ಸ್ಟೋನ್‌ವೇರ್, ಅಂದ್ರೆ ಜಾಸ್ತಿ ಶಾಖದಲ್ಲಿ ಸುಟ್ಟು ಕಲ್ಲಿನಂತೆ ಗಟ್ಟಿಯಾದ ಮಣ್ಣಿನ ಪಾತ್ರೆ, ಟಣ್ ಅಂತ ಉದ್ದಕ್ಕೆ ಸದ್ದು ಬಿಡತ್ತೆ, ಕಣ್ಣಿಗೆ ಕಾಣದ ಬಿರುಕಿದ್ರೆ ಸದ್ದು ಸತ್ತುಹೋಗತ್ತೆ. ಕಡಿಮೆ ಶಾಖದಲ್ಲಿ ಸುಟ್ಟ ಕೆಂಪು ಮಣ್ಣಿನ ಪಾತ್ರೆಗೆ ಅಷ್ಟು ಸದ್ದು ಸಹಜವಾಗೇ ಇರಲ್ಲ, ಅದನ್ನ ದೋಷ ಅನ್ಕೋಬೇಡಿ.

ಪ್ರಶ್ನೆ: ಅಂಗಡಿಯಲ್ಲಿ ಸಿಗೋ ಕಪ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಹೇಳ್ತಾರೆ. ತಿಗರಿ ಮೇಲೆ ಕಣ್ಣೆದುರಿಗೇ ಎರಡು ನಿಮಿಷದಲ್ಲಿ ಒಂದು ಕಪ್ ಎಬ್ಬಿಸಿದ್ರು, ಅಷ್ಟಕ್ಕೆ ಅಷ್ಟು ದುಡ್ಡಾ?

ಉತ್ತರ: ನೀವು ನೋಡಿದ ಎರಡು ನಿಮಿಷ ಸುಳ್ಳಲ್ಲ, ಆದ್ರೆ ಕೆಲಸ ಅಲ್ಲಿಗೆ ಮುಗಿಯಲ್ಲ, ಅಲ್ಲಿಂದ ಶುರು ಆಗೋದೂ ಅಲ್ಲ. ಮಣ್ಣನ್ನ ನಾದಿ ನಾದಿ ಗಾಳಿ ಗುಳ್ಳೆ ತೆಗೀಬೇಕು, ಒಂದೇ ಹದಕ್ಕೆ ತರಬೇಕು. ತಿಗರಿಯಿಂದ ಇಳಿದ ಕಪ್ ಅರ್ಧ ಒಣಗಿ ಗಟ್ಟಿ ಆಗೋವರೆಗೂ ಕಾದು, ತಿರುಗಿಸಿ ಬುಡ ಕೆತ್ತಬೇಕು, ಹಿಡಿ ಎಳೆದು ಅಂಟಿಸಬೇಕು, ಅಂಟಿಸೋ ಜಾಗದಲ್ಲಿ ಗೀರು ಹಾಕಿ ತೆಳು ಕೆಸರು ಹಚ್ಚಬೇಕು. ಹಿಡಿ, ಗೋಡೆ ಎರಡೂ ಒಂದೇ ವೇಗದಲ್ಲಿ ಒಣಗಲ್ಲ, ಸುಮ್ನೆ ಗಾಳಿಗೆ ಬಿಟ್ರೆ ಬೆಸುಗೆಯಲ್ಲೇ ಬಿರುಕು, ಅದಕ್ಕೇ ಪ್ಲಾಸ್ಟಿಕ್ ಮುಚ್ಚಿ ನಿಧಾನಕ್ಕೆ ಒಣಗಿಸೋದು. ಪೂರ್ತಿ ಒಣಗಿದ ಮೇಲೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲ ಸುಡುವಿಕೆ, ಅದಾದ ಮೇಲೆ ಗ್ಲೇಜ್‌ನಲ್ಲಿ, ಅಂದ್ರೆ ಸುಟ್ಟಾಗ ಗಾಜಿನಂಥ ಹೊದಿಕೆ ಆಗೋ ದ್ರವದಲ್ಲಿ, ಅದ್ದೋದು, ಬುಡ ಒರೆಸೋದು, ಸ್ಟೋನ್‌ವೇರ್ ಆದ್ರೆ 1200ರಿಂದ 1300 ಡಿಗ್ರಿ ನಡುವೆ ಇನ್ನೊಂದು ಸಲ ಸುಡೋದು, ಆವಿಗೆ, ಅಂದ್ರೆ ಪಾತ್ರೆ ಸುಡೋ ಗೂಡು, ತಣ್ಣಗಾಗೋವರೆಗೂ ಬಾಗಿಲು ತೆಗೆಯೋ ಹಾಗಿಲ್ಲ, ಆತುರಪಟ್ಟು ತೆಗೆದ್ರೆ ತಣ್ಣನೆ ಗಾಳಿ ತಾಗಿ ಸಿಡೀತು ಅಂತಲೇ. ಇಷ್ಟರಲ್ಲಿ ಯಾವ ಹಂತದಲ್ಲಿ ಬೇಕಾದ್ರೂ ಕೈಬಿಟ್ಟು ಹೋಗಬಹುದು, ಉಳಿದವು ಹೋದವುಗಳ ಖರ್ಚನ್ನೂ ಹೊರಬೇಕು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅಂತ ನಮ್ಮ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ.

ಫ್ಯಾಕ್ಟರಿ ಕಪ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಅಚ್ಚಲ್ಲಿ ತೆಗೆದ ಕಪ್ ಒಂದೇ ಸಮ ಇರತ್ತೆ, ಎಷ್ಟೋ ಸಲ ಜಾಸ್ತಿ ಗಟ್ಟಿನೂ ಇರತ್ತೆ. ಕೈಯಲ್ಲಿ ಮಾಡಿದ್ರಲ್ಲಿ ನೀವು ದುಡ್ಡು ಕೊಡೋದು ಒಬ್ಬ ಮನುಷ್ಯ ಆ ಒಂದು ಕಪ್ ಬಗ್ಗೆ ತಗೊಂಡ ತೀರ್ಮಾನಗಳಿಗೆ, ಅಂಚು ಎಷ್ಟು ತೆಳು ಇರಲಿ, ಹಿಡಿ ಎಲ್ಲಿ ಕೂರಲಿ ಅನ್ನೋದಕ್ಕೆ. ಒಂದೇ ಒಂದು ಕಪ್ ತಗೊಳ್ಳಿ, ದಿನಾ ಅದರಲ್ಲೇ ಕುಡೀರಿ, ಆ ತೀರ್ಮಾನಗಳು ನಿಮಗೆ ಒಗ್ಗಿದ್ರೆ ಬೆಲೆ ಬಗ್ಗೆ ನೀವೇ ಹೇಳ್ತೀರಿ.

ಪ್ರಶ್ನೆ: ಗ್ಲೇಜ್‌ನಲ್ಲಿ ಸೀಸ ಇರತ್ತೆ, ಮಕ್ಕಳಿಗೆ ಕೊಡಬೇಡಿ ಅಂತ ಮನೇಲಿ ಹೇಳ್ತಾರೆ. ನಿಜಾನಾ? ಕುಂಬಾರರನ್ನ ನೇರವಾಗಿ ಕೇಳಿದ್ರೆ ಬೇಜಾರು ಮಾಡ್ಕೊಳ್ತಾರಾ?

ಉತ್ತರ: ಬಳಸೋ ಪಾತ್ರೆ ಮಾಡೋರನ್ನ ಕೇಳಲೇಬೇಕಾದ ಪ್ರಶ್ನೆ ಇದು. ಬೇಜಾರು ಮಾಡ್ಕೊಳ್ಳೋರ ಹತ್ರ ತಗೋಬೇಡಿ, ಅಷ್ಟೇ.

ಗ್ಲೇಜ್ ಅಂದ್ರೆ ಮಣ್ಣಿನ ಮೇಲೆ ಕರಗಿ ಅಂಟಿರೋ ತೆಳ್ಳನೆ ಗಾಜಿನ ಪದರ. ಗಾಜಾಗೋದು ಸಿಲಿಕಾ, ಅಂದ್ರೆ ಮರಳಲ್ಲಿರೋ ಮುಖ್ಯ ಅಂಶ, ಆದ್ರೆ ಬರೀ ಸಿಲಿಕಾ ಕರಗಬೇಕಾದ್ರೆ ಸುಮಾರು 1700 ಡಿಗ್ರಿ ಬೇಕು, ಕುಂಬಾರರ ಆವಿಗೆ ಅಲ್ಲೀವರೆಗೂ ಹೋಗಲ್ಲ. ಹಾಗಾಗಿ ಅದನ್ನ ಬೇಗ ಕರಗಿಸೋ ಇನ್ನೊಂದು ವಸ್ತು ಸೇರಿಸ್ತಾರೆ, ಫ್ಲಕ್ಸ್ ಅಂತಾರೆ, ಕರಗಿದ್ದು ಹರಿದು ಹೋಗದ ಹಾಗೆ ಹಿಡಿದಿಡೋಕೆ ಅಲ್ಯೂಮಿನಾ ಬೇಕು, ಅದು ಜೇಡಿಮಣ್ಣಿಂದಲೇ ಬರತ್ತೆ. ಹಿಂದಿನ ಕಾಲದಿಂದ ಫ್ಲಕ್ಸ್ ಆಗಿ ಸೀಸ ಬಳಸಿದ್ದು ನಿಜ, ಕಡಿಮೆ ಶಾಖದಲ್ಲೇ ಕರಗತ್ತೆ, ಹೊಳಪೂ ಚೆನ್ನಾಗಿ ಬರತ್ತೆ. ತೊಂದರೆ ಏನಂದ್ರೆ ಹುಳಿ ಪದಾರ್ಥ ತಾಗಿದಾಗ ಆ ಸೀಸ ಗ್ಲೇಜಿಂದ ಬಿಟ್ಟು ಬರತ್ತೆ, ಮಕ್ಕಳ ಮಿದುಳಿಗೆ ಅದು ಕೆಟ್ಟದ್ದು, ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಸೀಸದ ಗ್ಲೇಜಿಗೆ ಹಸಿರು ಬಣ್ಣಕ್ಕಂತ ತಾಮ್ರ ಸೇರಿಸಿದ್ರೆ ಇನ್ನೂ ಜಾಸ್ತಿ ಬಿಡತ್ತೆ.

ಸಮಾಧಾನದ ವಿಷ್ಯ ಅಂದ್ರೆ 1200 ಡಿಗ್ರಿ ದಾಟಿ ಸುಡೋ ಸ್ಟೋನ್‌ವೇರ್, ಪೋರ್ಸಲೇನ್‌ಗೆ (ಬಿಳಿ ಪಿಂಗಾಣಿ) ಸೀಸದ ಅಗತ್ಯವೇ ಇಲ್ಲ, ಫೆಲ್ಡ್‌ಸ್ಪಾರ್ ಅನ್ನೋ ಖನಿಜ, ಸುಣ್ಣದ ಅಂಶ ಇವೇ ಆ ಕೆಲಸ ಮಾಡ್ತವೆ. ಆದ್ರೆ ಸೀಸ ಇಲ್ಲ ಅಂದ ಮಾತ್ರಕ್ಕೆ ಎಲ್ಲಾ ಸರಿ ಅಂತಲೂ ಅಲ್ಲ. ಸರಿಯಾಗಿ ಕರಗದ, ಲೆಕ್ಕ ತಪ್ಪಿದ ಗ್ಲೇಜ್‌ನಿಂದ ತಾಮ್ರ, ಮ್ಯಾಂಗನೀಸ್, ಬೇರಿಯಂ ಕೂಡ ಬಿಡಬಹುದು. ಕಡುಗೆಂಪು, ಕಿತ್ತಳೆ ಬಣ್ಣಗಳಲ್ಲಿ ಕ್ಯಾಡ್ಮಿಯಂ ಇರೋ ಸಾಧ್ಯತೆ ಇದೆ. ಅದಕ್ಕೇ ತಿಳಿದ ಕುಂಬಾರರು ಬಣ್ಣದ ಆಟ ಎಲ್ಲಾ ಹೊರಗೆ ಆಡಿ, ಒಳಗೆ ಮಾತ್ರ ನಂಬಿಕೆಯ ಬಿಳಿ ಅಥವಾ ಪಾರದರ್ಶಕ ಗ್ಲೇಜ್ ಹಾಕ್ತಾರೆ. ಹಾಗೆ ಕಂಡ್ರೆ ಅದು ಒಳ್ಳೆ ಲಕ್ಷಣ. ಹೀಗೆ ಕೇಳಿ: ಎಷ್ಟು ಡಿಗ್ರಿಗೆ ಸುಡ್ತೀರಿ, ಒಳಗಿನ ಗ್ಲೇಜ್ ನೀವೇ ಕಲಸಿದ್ದಾ, ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಿದ್ದೀರಾ. ಲ್ಯಾಬ್ ಟೆಸ್ಟ್ ದೊಡ್ಡ ರಹಸ್ಯ ಅಲ್ಲ, ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ 4 ಶೇಕಡಾ ಅಸಿಟಿಕ್ ಆಮ್ಲವನ್ನ 24 ಗಂಟೆ ಪಾತ್ರೆಯಲ್ಲಿ ಬಿಟ್ಟು ಅದರೊಳಗೆ ಎಷ್ಟು ಸೀಸ, ಕ್ಯಾಡ್ಮಿಯಂ ಬಂತು ಅಂತ ಅಳೀತಾರೆ. ಮನೆಯಲ್ಲಿ ನಿಂಬೆಹಣ್ಣಿನ ಹೋಳು ರಾತ್ರಿ ಇಡೀ ಗ್ಲೇಜ್ ಮೇಲಿಟ್ಟು ಬೆಳಿಗ್ಗೆ ಬಣ್ಣ ಮಾಸಿದ್ರೆ ಆ ಪಾತ್ರೇಲಿ ತಿನ್ನಬೇಡಿ. ಬಣ್ಣ ಮಾಸಲಿಲ್ಲ ಅಂದ್ರೆ ಸೀಸ ಇಲ್ಲ ಅಂತ ಮಾತ್ರ ತಿಳ್ಕೋಬೇಡಿ, ಅದು ಕಣ್ಣಿಗೆ ಕಾಣಲ್ಲ. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಹಳೇ ಹೊಳಪಿನ ಪಾತ್ರೆ ಮನೇಲಿದ್ರೆ ಅದು ನೋಡೋಕೆ ಮಾತ್ರ ಇರಲಿ.

ಪ್ರಶ್ನೆ: ಮೈಕ್ರೋವೇವ್‌ನಲ್ಲಿ ಇಡಬಹುದಾ?

ಉತ್ತರ: ಚೆನ್ನಾಗಿ ಬೆಂದ ಸ್ಟೋನ್‌ವೇರ್ ಆದ್ರೆ ಇಡಬಹುದು. ಚಿನ್ನದ ಅಥವಾ ಲೋಹದ ಗೆರೆ ಇದ್ರೆ ಬೇಡವೇ ಬೇಡ, ಕಿಡಿ ಹಾರತ್ತೆ. ಒಳಗಿರೋದು ಬೆಚ್ಚಗಾಗೋ ಮೊದಲೇ ಕಪ್ಪೇ ಕೈ ಸುಡೋಷ್ಟು ಕಾದಿದ್ರೆ ಸಾಮಾನ್ಯವಾಗಿ ಮಣ್ಣು ನೀರು ಕುಡಿದಿದೆ ಅಂತ ಅರ್ಥ, ಅದನ್ನ ಮತ್ತೆ ಇಡಬೇಡಿ.

ಪ್ರಶ್ನೆ: ಮಣ್ಣಿನ ಮಡಕೆ ಒಲೆ ಮೇಲೆ ಇಡ್ತಾರೆ. ಹಾಗಾದ್ರೆ ಅದಕ್ಕಿಂತ ಜಾಸ್ತಿ ಶಾಖದಲ್ಲಿ ಬೆಂದ ಈ ಸ್ಟೋನ್‌ವೇರ್ ಬಟ್ಟಲನ್ನ ಗ್ಯಾಸ್ ಮೇಲೆ ಯಾಕೆ ಇಡಬಾರದು ಅಂತಾರೆ? 1200 ಡಿಗ್ರಿ ತಡೆದಿದ್ದು ಗ್ಯಾಸ್ ಉರಿ ತಡೆಯಲ್ವಾ?

ಉತ್ತರ: ತುಂಬಾ ಒಳ್ಳೆ ಪ್ರಶ್ನೆ. ಶಾಖ ಎಷ್ಟು ಅನ್ನೋದಕ್ಕಿಂತ ಎಷ್ಟು ಬೇಗ, ಎಲ್ಲೆಲ್ಲಿ ಅನ್ನೋದು ಇಲ್ಲಿ ಮುಖ್ಯ. ಆವಿಗೆಯೊಳಗೆ ಪಾತ್ರೆ ಗಂಟೆಗಟ್ಲೆ ಎಲ್ಲಾ ಕಡೆಯಿಂದ ಸಮನಾಗಿ ಕಾಯತ್ತೆ. ಗ್ಯಾಸ್ ಮೇಲೆ ಬುಡದ ನಡುವೆ ಮಾತ್ರ ಉರಿ, ಅಲ್ಲಿ ಹಿಗ್ಗತ್ತೆ, ಸುತ್ತ ಇನ್ನೂ ತಣ್ಣಗಿರತ್ತೆ, ನಡುವೆ ಎಳೆದಾಟ ಆಗಿ ಬಿರುಕು ಬಿಡತ್ತೆ. ಮಣ್ಣಲ್ಲಿ ಉಳಿದಿರೋ ಸ್ಫಟಿಕ ಅಂದ್ರೆ ಕ್ವಾರ್ಟ್ಜ್ 573 ಡಿಗ್ರಿ ಹತ್ರ ಇದ್ದಕ್ಕಿದ್ದಂತೆ ಹಿಗ್ಗತ್ತೆ, ಸುಡುವಾಗ ಹುಟ್ಟೋ ಕ್ರಿಸ್ಟೋಬಲೈಟ್ ಅನ್ನೋ ಇನ್ನೊಂದು ರೂಪ ಸುಮಾರು 226 ಡಿಗ್ರಿಯಲ್ಲೇ ಅದೇ ಕೆಲಸ ಮಾಡತ್ತೆ, ಅದು ಅಡುಗೆ ಓವನ್ ಮುಟ್ಟೋ ಶಾಖ. ಅಡುಗೆ ಮಡಕೆ ಕಥೆ ಬೇರೆ. ಅದು ಕಡಿಮೆ ಬೆಂದಿರತ್ತೆ, ಮಣ್ಣೊಳಗೆ ಮರಳು, ಸಣ್ಣ ಸಣ್ಣ ರಂಧ್ರ ಇರತ್ತೆ, ಬಿರುಕು ಹುಟ್ಟಿದ್ರೂ ಆ ರಂಧ್ರದ ಹತ್ರ ನಿಲ್ಲತ್ತೆ, ಬುಡ ದುಂಡಗಿದ್ದು ಮೂಲೆ ಇಲ್ಲದ್ರಿಂದ ಎಳೆದಾಟ ಒಂದೇ ಕಡೆ ಸೇರಲ್ಲ. ಅಂದ್ರೆ ಮೆತ್ತಗಿರೋದೇ ಅದರ ಬಲ.

ಸ್ಟೋನ್‌ವೇರ್‌ನ ಓವನ್‌ನಲ್ಲಿ ಬಳಸ್ತೀರಾದ್ರೆ ತಣ್ಣಗಿರೋ ಓವನ್‌ನಲ್ಲಿಟ್ಟು ಜೊತೆಗೇ ಕಾಯಿಸಿ, ಫ್ರಿಜ್ಜಿಂದ ತೆಗೆದು ನೇರ ಒಳಗೆ ಇಡಬೇಡಿ. ನೇರ ಉರಿಗೆ ಅಂತಲೇ ಲಿಥಿಯಂ ಖನಿಜ ಸೇರಿಸಿ ಮಾಡೋ ಬೇರೆ ಮಣ್ಣಿದೆ, ಕುಂಬಾರರು ಅದೇ ಇದು ಅಂತ ಬಾಯಿಬಿಟ್ಟು ಹೇಳಿದ್ರೆ ಮಾತ್ರ ಒಲೆ ಮೇಲೆ ಇಡಿ.

ಪ್ರಶ್ನೆ: ಪ್ರದರ್ಶನದಲ್ಲಿ ಟೀಪಾಟ್‌ಗಳಿಗೆ ಬರೀ ನೀರು ತುಂಬಿಸಿ ಸುರಿದು ನೋಡಿ ಅಂತ ಇಟ್ಟಿದ್ರಂತೆ. ನಮ್ಮನೇದು ಸುರಿದಾಗೆಲ್ಲಾ ಮೂತಿ ಕೆಳಗೆ ಇಳಿದು ಮೇಜೆಲ್ಲಾ ಒದ್ದೆ. ಅದಕ್ಕೆ ಕಾರಣ ಏನು?

ಉತ್ತರ: ಕುಂಬಾರರಿಗೆ ಪರೀಕ್ಷೆ ಅಂದ್ರೆ ಟೀಪಾಟೇ, ಹಾಗಾಗಿ ಇದಕ್ಕೆ ಸ್ವಲ್ಪ ಉದ್ದ ಬರೀತೀನಿ. ಒಡಲು, ಮುಚ್ಚಳ, ಹಿಡಿ, ಮೂತಿ, ನಾಲ್ಕನ್ನೂ ಬೇರೆ ಬೇರೆ ಮಾಡಿ ಕೂಡಿಸಬೇಕು, ನಾಲ್ಕೂ ಒಟ್ಟಿಗೆ ಕೆಲಸ ಮಾಡಬೇಕು.

ಸೋರೋದು ಯಾಕಂದ್ರೆ ನೀರು ನಿಧಾನಕ್ಕೆ ಹರಿಯುವಾಗ ಮೂತಿಯ ತುದಿಗೆ ಅಂಟಿಕೊಂಡು ಹಿಂದಕ್ಕೆ ತಿರುಗತ್ತೆ. ತುದಿ ದಪ್ಪಗೆ ದುಂಡಗಿದ್ರೆ ಅಂಟೋಕೆ ಜಾಗ ಜಾಸ್ತಿ, ಅದೇ ತುದಿಯ ಕೆಳಗಿನ ಅಂಚು ಚೂಪಾಗಿ ಕತ್ತರಿಸಿದ್ರೆ ನೀರು ಅಲ್ಲೇ ಕಡಿದು ಬೀಳತ್ತೆ. ಕಪ್ಪಿನ ಅಂಚು ದುಂಡಗಿರಬೇಕು ಅಂತ ಮೇಲೆ ಹೇಳಿದೆ, ಮೂತಿಗೆ ಅದು ತಿರುಗುಮುರುಗು. ಜೊತೆಗೆ ಮೂತಿ ಬುಡದಲ್ಲಿ ಅಗಲ ಇದ್ದು ತುದಿಗೆ ಹೋಗ್ತಾ ಕಿರಿದಾಗ್ತಾ ಬಂದ್ರೆ ನೀರಿಗೆ ವೇಗ ಬರತ್ತೆ, ವೇಗ ಇದ್ದಷ್ಟೂ ಅಂಟೋದು ಕಡಿಮೆ. ಮೂತಿ ಒಡಲಿಗೆ ಸೇರೋ ಕಡೆ ಟೀ ಸೊಪ್ಪು ತಡೆಯೋಕೆ ಚುಚ್ಚಿರೋ ತೂತುಗಳನ್ನ ನೋಡಿ, ಅಷ್ಟೂ ತೂತುಗಳ ಒಟ್ಟು ಅಗಲ ಮೂತಿಯ ಬಾಯಿಗಿಂತ ಜಾಸ್ತಿ ಇರಬೇಕು, ಇಲ್ಲಾಂದ್ರೆ ನೀರು ಒಳಗೇ ತಡವರಿಸಿ ಹೊರಗೆ ತೊಟ್ಟಿಕ್ಕತ್ತೆ. ಗ್ಲೇಜ್ ತುಂಬ್ಕೊಂಡು ತೂತು ಮುಚ್ಚಿಹೋಗಿರೋದೂ ಉಂಟು.

ಮುಚ್ಚಳದಲ್ಲಿ ಒಂದು ಸಣ್ಣ ತೂತು ಇದೆಯಾ ನೋಡಿ, ಅಲಂಕಾರಕ್ಕಲ್ಲ ಅದು, ಗಾಳಿ ಒಳಗೆ ಹೋದ್ರೇ ನೀರು ಹೊರಗೆ ಸರಾಗ ಬರೋದು. ಸುರಿಯುವಾಗ ಆ ತೂತನ್ನ ಬೆರಳಲ್ಲಿ ಮುಚ್ಚಿ, ಧಾರೆ ನಿಂತುಹೋದ್ರೆ ಮುಚ್ಚಳ ಎಷ್ಟು ಕರಾರುವಾಕ್ಕಾಗಿ ಕೂತಿದೆ ಅಂತ ಗೊತ್ತಾಗತ್ತೆ. ಮೂತಿಯ ತುದಿ ಒಡಲಿನ ಬಾಯಿಯ ಮಟ್ಟಕ್ಕಾದ್ರೂ ಇರಬೇಕು, ಕೆಳಗಿದ್ರೆ ಪಾಟ್ ತುಂಬೋ ಮೊದಲೇ ಮೂತಿಯಿಂದ ಚೆಲ್ಲತ್ತೆ. ಪೂರ್ತಿ ಬಗ್ಗಿಸಿದಾಗ ಮುಚ್ಚಳ ಕಪ್ಪಿಗೆ ಬೀಳಬಾರದು, ಅದಕ್ಕೆ ಒಳಗೆ ಇಳಿಯೋ ಉದ್ದನೆ ಕಂಠ ಇಟ್ಟಿರ್ತಾರೆ. ಇನ್ನು ಮುಚ್ಚಳ ಮತ್ತು ಒಡಲು ಒಂದೇ ದಿನ ಒಂದೇ ಮಣ್ಣಲ್ಲಿ ಮಾಡಬೇಕು, ಒಟ್ಟಿಗೇ ಒಣಗಬೇಕು, ಯಾಕಂದ್ರೆ ಒಣಗಿ ಬೇಯೋ ಹೊತ್ತಿಗೆ ಸ್ಟೋನ್‌ವೇರ್ ಮಣ್ಣು 10ರಿಂದ 15 ಶೇಕಡಾ ಕುಗ್ಗತ್ತೆ, ಇವತ್ತು ಒಡಲು, ಮುಂದಿನ ವಾರ ಮುಚ್ಚಳ ಅಂದ್ರೆ ಕೂರೋದು ಕಷ್ಟ. ಇಷ್ಟೆಲ್ಲಾ ಸರಿ ಮಾಡಿ, ಅದರ ಮೇಲೆ ಜನರ ಕೈಗೆ ನೀರು ಕೊಟ್ಟು ಸುರಿದು ನೋಡಿ ಅನ್ನೋಕೆ ಧೈರ್ಯ ಬೇಕು, ಆ ಕುಂಬಾರರ ಬಗ್ಗೆ ನನಗೆ ಗೌರವ ಹೆಚ್ಚಾಗಿದ್ದು ಅಲ್ಲೇ.

ನಿಮ್ಮನೇದನ್ನ ಸರಿ ಮಾಡೋಕೆ ಆಗಲ್ಲ, ಆದ್ರೆ ಅಂಚಿನವರೆಗೂ ತುಂಬಿಸಬೇಡಿ, ಅನುಮಾನ ಮಾಡದೆ ಒಂದೇ ಸಲ ಧೈರ್ಯವಾಗಿ ಬಗ್ಗಿಸಿ, ಅರ್ಧಕ್ಕರ್ಧ ಕಡಿಮೆ ಆಗತ್ತೆ.

ಪ್ರಶ್ನೆ: ಎಲ್ಲಾ ಕಡೆ ಗ್ಲೇಜ್ ಹಾಕಿ ಬುಡದಲ್ಲಿ ಮಾತ್ರ ಒರಟು ಮಣ್ಣು ಬಿಟ್ಟಿದ್ದಾರೆ. ಕೆಲಸ ಪೂರ್ತಿ ಮಾಡಿಲ್ವಾ?

ಉತ್ತರ: ಪೂರ್ತಿನೇ ಮಾಡಿದ್ದಾರೆ. ಬುಡಕ್ಕೆ ಗ್ಲೇಜ್ ಇದ್ರೆ ಅದು ಕರಗಿ ಆವಿಗೆಯ ಹಲಗೆಗೆ ಅಂಟಿಬಿಡತ್ತೆ, ಆಮೇಲೆ ಉಳಿಯಿಂದ ಕೀಳಬೇಕು. ಆ ಬರಿ ಮಣ್ಣು ನೋಡಿದ್ರೆ ಒಳಗಿನ ಮಣ್ಣು ಯಾವ ಥರದ್ದು, ಎಷ್ಟು ಬೆಂದಿದೆ ಅಂತಲೂ ತಿಳಿಯತ್ತೆ. ಮೇಜು ಗೀಚತ್ತೆ ಅನ್ನಿಸಿದ್ರೆ ನೀರು ಹಾಕ್ಕೊಂಡು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ.

ಪ್ರಶ್ನೆ: ತಗೊಂಡು ಬಂದ ತಟ್ಟೆಯಲ್ಲಿ ಕೆಲವು ತಿಂಗಳ ಮೇಲೆ ಕೂದಲೆಳೆಯಂಥ ಗೆರೆಗಳು ಬಲೆ ಥರ ಕಾಣ್ತಿವೆ. ಒಡೆದುಹೋಗತ್ತಾ?

ಉತ್ತರ: ಇದಕ್ಕೆ ಕ್ರೇಜಿಂಗ್ ಅಂತಾರೆ. ತಣ್ಣಗಾಗುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗೋಕೆ ನೋಡತ್ತೆ, ಬಟ್ಟೆ ಸಾಲದೆ ಹೊಲಿಗೆ ಬಿಚ್ಚಿದ ಹಾಗೆ ಗಾಜು ಸೀಳತ್ತೆ. ಕೆಲವು ಸಲ ಮಣ್ಣು ನಿಧಾನಕ್ಕೆ ತೇವ ಎಳ್ಕೊಂಡು ಹಿಗ್ಗಿ ತಿಂಗಳುಗಳ ಮೇಲೆ ಕಾಣಿಸ್ಕೊಳ್ಳತ್ತೆ, ನಿಮ್ಮದು ಬಹುಶಃ ಇದೇ. ಚೀನಾದಲ್ಲಿ ಸಾಂಗ್ ರಾಜವಂಶದ ಕಾಲದಲ್ಲಿ, ಅಂದ್ರೆ 960ರಿಂದ 1279ರವರೆಗೆ, ಇದೇ ಬಲೆಯನ್ನ ಬೇಕಂತಲೇ ಬರಿಸಿ ಹೆಮ್ಮೆಪಟ್ಟಿದ್ದಾರೆ, ನೋಡೋಕೆ ಚಂದವೇ. ಆದ್ರೆ ಊಟದ ತಟ್ಟೆಯಲ್ಲಿ ನನಗೆ ಇಷ್ಟ ಆಗಲ್ಲ, ತಟ್ಟೆಯ ಬಲ ಕುಗ್ಗತ್ತೆ, ಗೆರೆಯೊಳಗೆ ಕರೆ ಕೂರತ್ತೆ, ಒಳಗಿನ ಮಣ್ಣು ನೀರು ಕುಡಿಯೋ ಥರದ್ದಾದ್ರೆ ವಾಸನೆನೂ ಬರಬಹುದು. ಒಣ ಪದಾರ್ಥಕ್ಕೆ ಬಳಸಿ, ಮತ್ತೆ ಕುಂಬಾರರಿಗೆ ಹೇಳಿ, ಗ್ಲೇಜ್ ಲೆಕ್ಕ ತಿದ್ದೋಕೆ ಅವರಿಗೆ ಇದು ಬೇಕಾದ ಮಾಹಿತಿ. ಆದ್ರೆ ಅಂಚಲ್ಲಿ, ಹಿಡಿ ಮೇಲೆ ಗ್ಲೇಜ್ ಚಕ್ಕೆ ಚಕ್ಕೆಯಾಗಿ ಏಳ್ತಿದ್ರೆ ಅದು ಬೇರೆ ದೋಷ, ಗಾಜಿನ ಚೂರು ಹೊಟ್ಟೆಗೆ ಹೋಗೋ ಅಪಾಯ, ಅಂಥದ್ದನ್ನ ಆ ಕ್ಷಣವೇ ಬಳಸೋದು ನಿಲ್ಲಿಸಿ.

ಪ್ರಶ್ನೆ: ಎರಡು ಬಟ್ಟಲು ತೋರಿಸಿ ಎರಡಕ್ಕೂ ಒಂದೇ ಗ್ಲೇಜ್ ಅಂದ್ರು, ಒಂದು ಹಸಿರು, ಇನ್ನೊಂದು ರಕ್ತಗೆಂಪು. ಹೇಗೆ ಸಾಧ್ಯ?

ಉತ್ತರ: ತಾಮ್ರದ ಆಟ ಅದು. ಆವಿಗೆಯಲ್ಲಿ ಗಾಳಿ ಧಾರಾಳ ಇದ್ರೆ ತಾಮ್ರ ಹಸಿರು ಕೊಡತ್ತೆ. ಗ್ಯಾಸ್ ಅಥವಾ ಸೌದೆ ಆವಿಗೆಯಲ್ಲಿ ಗಾಳಿ ಕಡಿಮೆ ಮಾಡಿದ್ರೆ ಉರಿ ತನಗೆ ಬೇಕಾದ ಆಮ್ಲಜನಕವನ್ನ ಗ್ಲೇಜ್‌ನಿಂದಲೇ ಕಿತ್ಕೊಳ್ಳತ್ತೆ, ಆಗ ಅದೇ ತಾಮ್ರ ಕೆಂಪು. ಕಬ್ಬಿಣನೂ ಹಾಗೇ, ಗಾಳಿ ಇದ್ರೆ ಜೇನು ಬಣ್ಣ, ಕಂದು, ಇಲ್ಲದಿದ್ರೆ ಸೆಲಡಾನ್ ಅಂತ ಕರೆಯೋ ತಿಳಿ ಹಸಿರು. ಸೌದೆ ಆವಿಗೆಯಲ್ಲಿ ಹಾರಿ ಬಂದ ಬೂದಿಯೇ ಪಾತ್ರೆ ಮೇಲೆ ಕೂತು ಕರಗಿ ಗ್ಲೇಜ್ ಆಗತ್ತೆ, ಹಾಗಾಗಿ ಉರಿ ಕಡೆಗಿದ್ದ ಮೈ ಒಂದು ಥರ, ಮರೆಯಲ್ಲಿದ್ದ ಮೈ ಇನ್ನೊಂದು ಥರ. ಒಳಗೆ ಶಾಖ ಎಷ್ಟು ಕೆಲಸ ಮಾಡಿದೆ ಅಂತ ತಿಳಿಯೋಕೆ ಇವತ್ತಿಗೂ ಎಷ್ಟೋ ಕುಂಬಾರರು ಪುಟ್ಟ ಶಂಕುಗಳನ್ನ ಇಟ್ಟು ಅವು ಬಾಗೋದನ್ನ ಕಿಂಡಿಯಿಂದ ನೋಡ್ತಾರೆ, 1886ರಲ್ಲಿ ಜರ್ಮನಿಯ ಹರ್ಮನ್ ಸೆಗರ್ ರೂಪಿಸಿದ ವಿಧಾನ ಅದು.

ಪ್ರಶ್ನೆ: ಕಪ್, ತಟ್ಟೆ ಮಾಡೋದನ್ನ ಕಲೆ ಅಂತ ಪ್ರದರ್ಶನ ಮಾಡೋದು ಸರಿನಾ? ಶಿಲ್ಪ ಅಂದ್ರೆ ಒಪ್ಕೋಬಹುದು.

ಉತ್ತರ: ಮೇಲು ಕೀಳು ಅನ್ನೋ ಆ ಗೆರೆಯನ್ನ ನಾನು ಒಪ್ಪಲ್ಲ. ಮನುಷ್ಯ ಮಣ್ಣು ಸುಟ್ಟು ಮೊದಲು ಮಾಡಿದ್ದು ಪಾತ್ರೆ ಅಲ್ಲ, ಗೊಂಬೆ ಅನ್ನೋದು ನಿಜ, ಈಗಿನ ಚೆಕ್ ಗಣರಾಜ್ಯದ ದೋಲ್ನಿ ವೆಸ್ಟೊನಿಟ್ಸೆಯಲ್ಲಿ ಸಿಕ್ಕ ಹೆಣ್ಣಿನ ಪುಟ್ಟ ಮೂರ್ತಿ 25,000 ವರ್ಷಕ್ಕೂ ಹಳೇದು. ಚೀನಾದ ಶಿಯಾನ್‌ರೆನ್‌ಡಾಂಗ್ ಗುಹೆಯಲ್ಲಿ ಸಿಕ್ಕ ಮಡಕೆ ಚೂರುಗಳಿಗೆ ಸುಮಾರು 20,000 ವರ್ಷ, ಹೊರಮೈಯಲ್ಲಿ ಉರಿ ತಾಗಿದ ಗುರುತಿದೆ. ಅಂದ್ರೆ ಎರಡೂ ಹಾದಿ ತುಂಬಾ ಹಳೇದು. ಜಪಾನಿನಲ್ಲಿ ಯಾನಗಿ ಸೋಯೆತ್ಸು ಮತ್ತು ಅವರ ಗೆಳೆಯರು 1925ರ ಸುಮಾರಿಗೆ ಮಿಂಗೇ ಅಂತ ಒಂದು ಚಳವಳಿ ಶುರು ಮಾಡಿ, ಹೆಸರಿಲ್ಲದ ಕುಶಲಕರ್ಮಿಗಳು ದಿನಬಳಕೆಗೆ ಮಾಡಿದ ವಸ್ತುಗಳಲ್ಲೇ ದೊಡ್ಡ ಸೌಂದರ್ಯ ಇದೆ ಅಂತ ಹೇಳಿದ್ರು. ಆ ಗೆಳೆಯರಲ್ಲೊಬ್ಬರಾದ ಹಮಾದಾ ಶೋಜಿ ತಮ್ಮ ಪಾತ್ರೆಗಳ ಮೇಲೆ ಸಹಿ ಹಾಕೋದನ್ನೇ ಬಿಟ್ರು, ಅವರನ್ನೇ 1955ರಲ್ಲಿ ಜಪಾನ್ ಸರ್ಕಾರ ಜೀವಂತ ರಾಷ್ಟ್ರೀಯ ಸಂಪತ್ತು ಅಂತ ಗೌರವಿಸಿತು. ವಿಯೆನ್ನಾದಿಂದ 1938ರಲ್ಲಿ ಲಂಡನ್ನಿಗೆ ಬಂದ ಲೂಸಿ ರೀ ಮೊದಲು ಸೆರಾಮಿಕ್ ಬಟನ್ ಮಾಡಿ ಬದುಕಿದ್ರು, ಆಮೇಲೆ ಅವರ ಕಪ್, ಬಟ್ಟಲು, ಟೀಪಾಟ್ ಜನರ ಮೇಜಿನ ಮೇಲೂ ಇದ್ವು, ಇವತ್ತು ಮ್ಯೂಸಿಯಂನಲ್ಲೂ ಇವೆ.

ಶಿಲ್ಪ ಸೋತ್ರೆ ನೋಡಿ ಮುಂದೆ ಹೋಗ್ತೀವಿ. ಕಪ್ ಸೋತ್ರೆ ತುಟಿಗೆ, ಕೈಗೆ, ತೊಳೆಯೋರಿಗೆ ದಿನಾ ಗೊತ್ತಾಗತ್ತೆ. ಇಷ್ಟು ಕಟ್ಟುಪಾಡಿನೊಳಗೆ ಚಂದ ತರೋದನ್ನ ನಾನು ಕಲೆ ಅಂತ ಧೈರ್ಯವಾಗಿ ಕರೀತೀನಿ. ಇಲ್ಲಿ ಒಂದು ಮಾತು ಸೇರಿಸ್ತೀನಿ, ತಗೊಂಡ ಮೇಲೆ ದಯವಿಟ್ಟು ಶೋಕೇಸ್‌ನಲ್ಲಿ ಬೀಗ ಹಾಕಿಡಬೇಡಿ, ಅದರಲ್ಲಿ ಕುಡೀರಿ, ತಿನ್ನಿ, ಮಕ್ಕಳ ಕೈಗೂ ಕೊಡಿ.

ಪ್ರಶ್ನೆ: ಒಡೆದ ಕಪ್ಪನ್ನ ಚಿನ್ನದ ಗೆರೆ ಹಾಕಿ ಜೋಡಿಸೋ ಕಿಟ್ ಸಿಗತ್ತೆ, ಜೋಡಿಸಿ ಮತ್ತೆ ಕುಡೀಬಹುದಾ?

ಉತ್ತರ: ಹೀಗೆ ಜೋಡಿಸೋ ಜಪಾನಿ ಕಲೆಗೆ ಕಿಂತ್ಸುಗಿ ಅಂತಾರೆ, ಅದರ ನಿಜವಾದ ವಿಧಾನದಲ್ಲಿ ಉರುಶಿ ಅನ್ನೋ ಮರದ ರಸವನ್ನ ಅಂಟಾಗಿ ಬಳಸ್ತಾರೆ, ಅದು ಗಟ್ಟಿಯಾಗೋಕೇ ವಾರಗಟ್ಲೆ ಬೇಕು. ಅಗ್ಗದ ಕಿಟ್‌ಗಳಲ್ಲಿ ಹೆಚ್ಚಾಗಿ ಇರೋದು ಎಪಾಕ್ಸಿ ಅಂಟು ಮತ್ತು ಬಣ್ಣದ ಪುಡಿ, ಬಿಸಿಗೂ ಆಹಾರಕ್ಕೂ ಅದು ಬೇಡ. ಪೆನ್ನು ಪೆನ್ಸಿಲ್ ಇಡೋಕೆ ಬಳಸಿ.

ಪ್ರಶ್ನೆ: ಪ್ರದರ್ಶನ ನೋಡಿ ಬಂದಾಗಿಂದ ಮಗಳಿಗೆ ಕುಂಬಾರಿಕೆ ಕಲಿಯೋ ಆಸೆ. ಮನೇಲೇ ಶುರು ಮಾಡಬಹುದಾ? ತಿಗರಿ ತಗೋಬೇಕಾ?

ಉತ್ತರ: ತಿಗರಿ ಈಗ್ಲೇ ಬೇಡ. ಉಂಡೆಯನ್ನ ಹೆಬ್ಬೆರಳಿಂದ ಒತ್ತಿ ಬಟ್ಟಲು ಮಾಡೋದು, ಮಣ್ಣಿನ ಬತ್ತಿ ಸುತ್ತಿ ಸುತ್ತಿ ಗೋಡೆ ಎಬ್ಬಿಸೋದು, ಇಷ್ಟರಲ್ಲೇ ಮಣ್ಣಿನ ಹದ ಕೈಗೆ ಹತ್ತತ್ತೆ. ಸುಡೋಕೆ ಯಾರಾದ್ರೂ ಕುಂಬಾರರ ಆವಿಗೆಯಲ್ಲಿ ಜಾಗ ಕೇಳಿ. ಒಂದು ಮಾತ್ರ ಕಡ್ಡಾಯ, ಒಣಗಿದ ಮಣ್ಣಿನ ಧೂಳನ್ನ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರಲ್ಲಿರೋ ಸಿಲಿಕಾ ವರ್ಷಗಟ್ಲೆ ಉಸಿರಿನ ಜೊತೆ ಒಳಗೆ ಹೋದ್ರೆ ಶ್ವಾಸಕೋಶ ಶಾಶ್ವತವಾಗಿ ಹಾಳಾಗತ್ತೆ. ಒಣಗಿದ್ದನ್ನ ಕೆರೆಯೋದು, ಉಜ್ಜೋದು ಮನೆಯೊಳಗೆ ಬೇಡ. ಮಣ್ಣಿರೋ ನೀರನ್ನ ಸಿಂಕ್‌ಗೆ ಸುರಿಯಬೇಡಿ, ಬಕೆಟ್‌ನಲ್ಲಿ ತಳ ಕೂರೋಕೆ ಬಿಡಿ, ಪೈಪ್ ಕಟ್ಟಿಕೊಳ್ಳಲ್ಲ, ತಳದ ಮಣ್ಣೂ ಮತ್ತೆ ಬಳಕೆಗೆ ಬರತ್ತೆ.

ಪ್ರಶ್ನೆ: ಮನೆಗೆ ಒಂದು ಸೆಟ್ ತಟ್ಟೆ, ಬಟ್ಟಲು ಹೇಳಿ ಮಾಡಿಸಬೇಕು ಅಂತಿದ್ದೀವಿ. ಏನೇನು ಮಾತಾಡ್ಕೋಬೇಕು?

ಉತ್ತರ: ಬಣ್ಣದ ಮಾತು ಆಮೇಲೆ, ಮೊದಲು ಬಳಕೆ ಹೇಳಿ. ಬಟ್ಟಲಲ್ಲಿ ಹಾಕೋದು ಬಿಸಿಯಾದ ತೆಳು ಪದಾರ್ಥವೋ ಗಟ್ಟಿದೋ, ಚಮಚದಲ್ಲಿ ತಿಂತೀರೋ ಕೈಯಲ್ಲೋ, ಒಂದರೊಳಗೊಂದು ಜೋಡಿಸಿಡಬೇಕೋ, ಡಿಶ್‌ವಾಷರ್‌ಗೆ ಹಾಕ್ತೀರೋ. ಕಪಾಟಿನ ಎತ್ತರ, ಆಳ ಅಳತೆ ಮಾಡ್ಕೊಂಡು ಹೋಗಿ. ಈಗ ಮನೇಲಿ ನಿಮಗೆ ತುಂಬಾ ಒಗ್ಗಿರೋ ಒಂದು ಬಟ್ಟಲಿದ್ರೆ ಜೊತೆಗೆ ತಗೊಂಡು ಹೋಗಿ ತೋರಿಸಿ, ಮಾತಿಗಿಂತ ಅದು ಬೇಗ ಅರ್ಥ ಮಾಡಿಸತ್ತೆ. ಮಂದ ಮೈಯ ಗ್ಲೇಜ್ ಇಷ್ಟ ಆಗಿದ್ರೆ ಸ್ಟೀಲ್ ಚಮಚದಿಂದ ಒಂದು ಸಲ ಗೀಚಿ ನೋಡೋಕೆ ಅನುಮತಿ ಕೇಳಿ, ಕೆಲವು ಗ್ಲೇಜ್‌ಗಳ ಮೇಲೆ ಸ್ಟೀಲ್ ಸವೆದು ಪೆನ್ಸಿಲ್ ಗೆರೆಯಂತೆ ಕೂರತ್ತೆ, ಆಮೇಲೆ ಉಜ್ಜಿ ಉಜ್ಜಿ ಸಾಕಾಗತ್ತೆ. ಮೊದಲು ಒಂದೊಂದೇ ಸ್ಯಾಂಪಲ್ ಮಾಡಿಸಿ ಸ್ವಲ್ಪ ದಿನ ಬಳಸಿ, ಆಮೇಲೆ ಪೂರ್ತಿ ಸೆಟ್‌ಗೆ ಹೂಂ ಅನ್ನಿ. ಅಳತೆಯಲ್ಲಿ, ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಇದ್ದೇ ಇರತ್ತೆ, ಅದಕ್ಕೆ ಒಪ್ಪಿಗೆ ಇಲ್ಲಾಂದ್ರೆ ಮೊದಲೇ ಹೇಳಿಬಿಡಿ. ಮತ್ತೆ ಆರು ಬೇಕಿದ್ರೆ ಎಂಟು ಮಾಡಿಸಿ, ಎರಡು ವರ್ಷ ಬಿಟ್ಟು ಒಂದು ಒಡೆದಾಗ ಅದೇ ಮಣ್ಣು, ಅದೇ ಗ್ಲೇಜ್ ಮತ್ತೆ ಹಾಗೇ ಬರತ್ತೆ ಅಂತ ಯಾವ ಕುಂಬಾರರೂ ಮಾತು ಕೊಡೋಕಾಗಲ್ಲ.